ಸೋಲಲೆಂದೇ ಆಡಿದ ಶನಿವಾರ

ಆ ವರ್ಷ ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡ ಸೋಲುತ್ತಲೇ ಇತ್ತು. ಭಾನುವಾರ ನನ್ನ ಗಂಡ ಟಿವಿ ಮುಂದೆ ಕೂತು ತಲೆ ಚಚ್ಚಿಕೊಳ್ಳುತ್ತಿದ್ದರೆ, ನಾನು ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಅವನನ್ನು ರೇಗಿಸುತ್ತಿದ್ದೆ. ಇಲ್ಲಿನ ಫುಟ್‌ಬಾಲ್ ಲೀಗಿನಲ್ಲಿ ಡ್ರಾಫ್ಟ್ ಎಂಬ ಪದ್ಧತಿ ಇದೆ. ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಸರದಿ. ಹಾಗಾಗಿ ಡಿಸೆಂಬರ್ ಹೊತ್ತಿಗೆ ಸೋಲುವ ತಂಡದ ಅಭಿಮಾನಿಗಳಲ್ಲೇ ಎರಡು ಪಂಗಡವಾಗುತ್ತದೆ. ಉಳಿದ ಪಂದ್ಯಗಳನ್ನಾದರೂ ಗೆಲ್ಲಲಿ ಎನ್ನುವವರು ಕೆಲವರು. ಮುಳುಗಿದವನಿಗೆ ಚಳಿಯೇನು, ಪೂರ್ತಿ ಸೋತು ಒಳ್ಳೆಯ ಹುಡುಗನನ್ನು ತರಲಿ ಎನ್ನುವವರು ಇನ್ನು ಕೆಲವರು. ನನ್ನ ಗಂಡ ಮೊದಲ ಪಂಗಡ. ನಾನು ಎರಡನೆಯದು, ಅದೂ ಬಾಯಿ ಜೋರು ಮಾಡಿಕೊಂಡು.

ನನ್ನದು ಬರೀ ಬಾಯಿಚಪಲವೂ ಆಗಿರಲಿಲ್ಲ. ನಾನೇ ಒಂದು ಸೋಲುವ ತಂಡದ ಕ್ಯಾಪ್ಟನ್ ಆಗಿದ್ದೆ. ನಮ್ಮೂರು ಕ್ಲಾರ್ಕ್ಸ್‌ಬರ್ಗ್‌ನ ಹೆಂಗಸರ ಥ್ರೋಬಾಲ್ ತಂಡ. ಸುತ್ತಮುತ್ತಲಿನ ಐದು ತಂಡಗಳು ಸೇರಿ ಶನಿವಾರ ಬೆಳಿಗ್ಗೆ ಶಾಲೆಯೊಂದರ ಜಿಮ್ಮಿನಲ್ಲಿ ಆಡುತ್ತಿದ್ದೆವು. ಆಟ ಬಲ್ಲವರೆಲ್ಲ ಹತ್ತಿರದ ಊರಾದ ಕೊಲಂಬಿಯಾದ ತಂಡಕ್ಕೇ ಹೋಗುತ್ತಾರೆ ಎಂದು ಒಮ್ಮೆ ದೊಡ್ಡ ಜಗಳವಾಯಿತು. ಆಗ ಯಾರದೋ ಗಂಡ, ಫುಟ್‌ಬಾಲಿನ ಹಾಗೆ ನೀವೂ ಡ್ರಾಫ್ಟ್ ಇಟ್ಟುಕೊಳ್ಳಿ ಎಂದು ಸಲಹೆ ಕೊಟ್ಟ. ಇಟ್ಟುಕೊಂಡೆವು. ಕೊನೆಯ ಸ್ಥಾನದ ತಂಡಕ್ಕೆ ಹೊಸಬರಲ್ಲಿ ಮೊದಲ ಆಯ್ಕೆ. ತಂಡಕ್ಕೆ ಹತ್ತೇ ಜನ, ಒಬ್ಬಳು ಒಳಗೆ ಬಂದರೆ ಒಬ್ಬಳು ಹೊರಗೆ.

ಆ ಚಳಿಗಾಲದಲ್ಲಿ ಅಟ್ಲಾಂಟಾದಿಂದ ಒಬ್ಬಳು ನಮ್ಮ ಕಡೆಗೆ ಮನೆ ಬದಲಾಯಿಸಿದಳು. ಎತ್ತರದ ಹುಡುಗಿ, ಬೆಂಗಳೂರಿನಲ್ಲಿ ಯೂನಿವರ್ಸಿಟಿಗೆ ಆಡಿದವಳು. ಅಭ್ಯಾಸಕ್ಕೆಂದು ಬಂದ ದಿನ ಅವಳು ಎಸೆದ ಚೆಂಡನ್ನು ಹಿಡಿಯಲು ಹೋಗಿ ನನ್ನ ಎರಡು ಬೆರಳು ಊದಿಕೊಂಡವು. ಬೆರಳಿಗೆ ಐಸ್ ಇಟ್ಟುಕೊಂಡೇ ನಿರ್ಧರಿಸಿದೆ, ಇವಳು ನಮಗೆ ಬೇಕು. ಲೀಗಿನ ಕೊನೆಯ ಪಂದ್ಯ ನಮಗೂ ನಮ್ಮಷ್ಟೇ ಸೋತಿದ್ದ ಇನ್ನೊಂದು ತಂಡಕ್ಕೂ ಇತ್ತು. ಸೋತವರು ಕೊನೆ. ಅಂದರೆ ಸೋತವರಿಗೆ ಆ ಹುಡುಗಿ.

ಅವಳು ಬಂದರೆ ಯಾರು ಹೊರಗೆ ಹೋಗಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಆಂಟಿ. ಮಂಗಳೂರಿನ ಕ್ಯಾಥೊಲಿಕ್ ಮನೆಯವರು, ಆಸ್ಪತ್ರೆಯಲ್ಲಿ ನರ್ಸ್, ಅರವತ್ತಕ್ಕೆ ಎರಡೇ ವರ್ಷ ಬಾಕಿ. ಎರಡೂ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಕೋರ್ಟಿನ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ನೇರವಾಗಿ ಬಂದ ಚೆಂಡನ್ನು ಬಿಟ್ಟವರಲ್ಲ. ಆಚೀಚೆ ಬಿದ್ದರೆ ಮಾತ್ರ ಓಡಲು ಆಗುತ್ತಿರಲಿಲ್ಲ.

ಆಂಟಿಯ ಮನೆ ನಮ್ಮ ಮನೆಯಿಂದ ಎರಡು ಮನೆ ಆಚೆಗಿತ್ತು. 2020ರಲ್ಲಿ ನನಗೆ ಮಗಳು ಹುಟ್ಟಿದಾಗ ವಿಮಾನಗಳು ನಿಂತಿದ್ದವು, ಮೈಸೂರಿನಿಂದ ಅಮ್ಮ ಬರಲು ಆಗಲಿಲ್ಲ. ಆಗ ಈ ಆಂಟಿ ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಮೆಂತೆ ಗಂಜಿ ಮಾಡಿ, ಡಬ್ಬಿಯನ್ನು ನಮ್ಮ ಬಾಗಿಲ ಮುಂದಿಟ್ಟು, ಬೆಲ್ ಒತ್ತಿ, ದೂರ ಹೋಗಿ ನಿಂತುಕೊಳ್ಳುತ್ತಿದ್ದರು. ನಾನು ಡಬ್ಬಿ ತೆಗೆದುಕೊಂಡದ್ದನ್ನು ಕಣ್ಣಾರೆ ನೋಡಿಯೇ ಹೋಗುವುದು. ನಲವತ್ತು ದಿನ ಹೀಗೆ. ಮರುವರ್ಷವೂ ನಾನು ಕಾರಣವಿಲ್ಲದೆ ಅಳುತ್ತಾ ಮನೆಯೊಳಗೇ ಇದ್ದಾಗ, ಒಂದು ಸಂಜೆ ಬಂದು ಮಗುವನ್ನು ಗಂಡನ ಕೈಗೆ ಕೊಡಿಸಿ ನನ್ನನ್ನು ಆಟಕ್ಕೆ ಎಳೆದುಕೊಂಡು ಹೋದರು. ಮೊದಲು ಚೆಂಡು ಹಿಡಿ, ಅಳುವುದು ಆಮೇಲೆ ಆಗಲಿ ಎಂದಿದ್ದರು. ಅಂಥವರನ್ನು ತಂಡದಿಂದ ತೆಗೆಯಲು ಹೊರಟಿದ್ದೆ ನಾನು. ಹತ್ತಿದ ಏಣಿಯನ್ನು ಒದೆಯುವುದು ಎಂದರೆ ಇದೇ ಎಂದು ಗೊತ್ತಿದ್ದೂ, ಆಂಟಿಗೂ ವಯಸ್ಸಾಯಿತು, ರೆಸ್ಟ್ ಬೇಕಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಪಂದ್ಯದ ದಿನ ನಮ್ಮ ಇಬ್ಬರು ಒಳ್ಳೆಯ ಆಟಗಾರ್ತಿಯರನ್ನು ಹೊರಗೆ ಕೂರಿಸಿದೆ. ಕೊನೆಯ ಮ್ಯಾಚ್, ಎಲ್ಲರಿಗೂ ಅವಕಾಶ ಸಿಗಲಿ ಎಂದೆ. ಎಂಥ ದೊಡ್ಡ ಮನಸ್ಸು ಎಂದು ಒಬ್ಬಳು ನನ್ನನ್ನು ಹೊಗಳಿದಾಗ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಯಿತು. ಆಂಟಿಯನ್ನು ಪೂರ್ತಿ ಪಂದ್ಯ ಆಡಿಸಿದೆ. ಅವರಿದ್ದರೆ ಸೋಲು ಖಾತ್ರಿ ಎಂಬುದು ನನ್ನ ಯೋಚನೆ. ಆದರೆ ವರ್ಷವಿಡೀ ಬೆಂಚು ಕಾದ ಹೆಂಗಸರು ಅವತ್ತು ಮೈಮೇಲೆ ಬಂದವರಂತೆ ಆಡಿದರು. ಆಂಟಿ ಅಂತೂ ಯಾವತ್ತೂ ಓಡದವರು ಓಡಿದರು, ಒಮ್ಮೆ ಬಿದ್ದರು, ಬಿದ್ದಲ್ಲಿಂದಲೇ ಚೆಂಡು ಎತ್ತಿಕೊಟ್ಟು ನಕ್ಕರು. ನಾನು ಎರಡು ಚೆಂಡು ಬೇಕೆಂದೇ ಬಿಟ್ಟರೂ ಆಟ ಮೂರನೆಯ, ಅಂದರೆ ಕೊನೆಯ ಸೆಟ್ಟಿಗೆ ಹೋಯಿತು.

ಅವರಿಗೆ ಹದಿನಾಲ್ಕು, ನಮಗೆ ಹದಿಮೂರು. ಹದಿನೈದು ಮುಟ್ಟಿದವರು ಗೆದ್ದಂತೆ. ಸರ್ವ್ ನನ್ನದು. ಚೆಂಡನ್ನು ನೆಟ್ಟಿಗೆ ಹೊಡೆದರೆ ಸಾಕು, ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಕೈಜಾರಿತು ಎಂದರೆ ಯಾರೂ ಅನುಮಾನ ಪಡುತ್ತಿರಲಿಲ್ಲ. ಆಂಟಿ ಚೆಂಡು ತಂದು ನನ್ನ ಕೈಗೆ ಕೊಟ್ಟರು, ಆದರೆ ತಮ್ಮ ಕೈ ಬಿಡಲಿಲ್ಲ.

"ನಂಗೆ ಗೊತ್ತುಂಟು ಮಾರಾಯ್ತಿ, ನಮ್ಮ ಮನೆಯಲ್ಲೂ ಟಿವಿ ಉಂಟು," ಎಂದರು, ನನಗಷ್ಟೇ ಕೇಳುವ ಹಾಗೆ. "ಸೋಲುವುದಾದ್ರೆ ನನ್ನನ್ನು ಹೊರಗೆ ಕೂರಿಸಿ ಸೋಲು. ಒಳಗೆ ನಿಂತು ಸೋಲ್ಲಿಕ್ಕೆ ನಂಗೆ ಬರುದಿಲ್ಲ."

ಹೇಳಿದವರೇ ಹಿಂದೆ ಹೋಗಿ ತಮ್ಮ ಜಾಗದಲ್ಲಿ ನಿಂತು, ಎರಡೂ ಕೈ ಮುಂದೆ ಚಾಚಿ ಸಿದ್ಧರಾದರು. ಇಷ್ಟು ದಿನ ಸೋಫಾದ ಮೇಲೆ ಕೂತು ಸೋಲಲಿ ಸೋಲಲಿ ಎಂದವಳಿಗೆ ಒಂದು ಸಣ್ಣ ವಿಷಯ ಹೊಳೆದೇ ಇರಲಿಲ್ಲ. ಮುಂದಿನ ವರ್ಷಕ್ಕಾಗಿ ಸೋಲು ಎಂದು ನಾವು ಯಾರಿಗೆ ಹೇಳುತ್ತೇವೋ, ಅವರೇ ಮುಂದಿನ ವರ್ಷ ಆ ತಂಡದಲ್ಲಿ ಇರುವುದಿಲ್ಲ. ತನ್ನ ಜಾಗಕ್ಕೆ ಬರುವವಳಿಗಾಗಿ ತಾನೇ ಸೋತುಕೊಡಬೇಕು ಎಂದು ಆ ಮೊಣಕಾಲಿನ ಪಟ್ಟಿಗಳ ಮುಂದೆ ನಿಂತು ಹೇಳಲು ನನ್ನ ಕೈಲಿ ಆಗಲಿಲ್ಲ. ಬೆರಳು ನೋಯುತ್ತಿದ್ದರೂ ಚೆಂಡನ್ನು ಶಕ್ತಿಯಿದ್ದಷ್ಟು ಎಸೆದೆ. ಅದು ಆಚೆಯವರ ಕೈತಪ್ಪಿತು. ಕೊನೆಯ ಪಾಯಿಂಟಿಗೆ ಚೆಂಡು ನಾಲ್ಕೈದು ಸಲ ಹೋಗಿ ಬಂದು, ನೇರವಾಗಿ ಆಂಟಿಯ ಎದೆಗೆ ಬಂತು. ಹಿಡಿದರು, ಎಸೆದರು, ಗೆದ್ದೆವು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಟ್ಲಾಂಟಾದ ಹುಡುಗಿ ಆಚೆಯ ತಂಡಕ್ಕೆ ಹೋದಳು, ಮರುವರ್ಷ ನಮ್ಮನ್ನೇ ಎರಡು ಸಲ ಮಣ್ಣುಮುಕ್ಕಿಸಿದಳು. ಅದಕ್ಕೆ ನಾನು ಒಂದು ದಿನವೂ ಮರುಗಲಿಲ್ಲ ಎಂದರೆ ಸುಳ್ಳಾದೀತು. ಎರಡು ದಿನ ಮರುಗಿದೆ.

ಶನಿವಾರದ ಆಟ ಮುಗಿದ ಮೇಲೆ ಆಂಟಿಯನ್ನು ನನ್ನ ಕಾರಿನಲ್ಲೇ ಕರೆತಂದು, ನಾವೆಲ್ಲ ಅವರ ಮನೆಯಲ್ಲಿ ನೀರುದೋಸೆ ತಿನ್ನುವುದು ರೂಢಿ. ಗಂಡ, ಮಗಳು ಆಗಲೇ ಅಲ್ಲಿಗೆ ಹೋಗಿ ಕೂತಿರುತ್ತಿದ್ದರು. ಅವತ್ತು ಅವರ ಮನೆ ಮುಂದೆ ಕಾರು ನಿಲ್ಲಿಸಿ, ಸಾರಿ ಆಂಟಿ ಎಂದೆ. ಅವರು ಮೊಣಕಾಲಿನ ಪಟ್ಟಿ ಬಿಚ್ಚುತ್ತಿದ್ದವರು ತಲೆ ಎತ್ತಲಿಲ್ಲ.

"ನೀನು ಆ ಚೆಂಡು ನೆಟ್ಟಿಗೆ ಹಾಕಿದ್ರೆ ನಂಗೆ ಸಿಟ್ಟು ಬರ್ತಿರ್ಲಿಲ್ಲ. ನನ್ನ ಕಾಲು ನಂಗೆ ಗೊತ್ತಿಲ್ವಾ? ಆದ್ರೆ ನಿಂಗೆ ಮತ್ತೆ ನಮ್ಮ ಮನೆಗೆ ಬರ್ಲಿಕ್ಕೆ ಮುಖ ಇರ್ತಿರ್ಲಿಲ್ಲ. ಅದೊಂದೇ ಹೆದರಿಕೆ ಇದ್ದದ್ದು ನಂಗೆ."

ನಾನು ಸ್ಟಿಯರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟೆ. ಚೆಂಡು ಹಿಡಿದಾಗಿತ್ತಲ್ಲ, ಅಳಬಹುದಿತ್ತು. ಆಂಟಿ ಅಷ್ಟು ಹೊತ್ತೂ ಪಕ್ಕದಲ್ಲಿ ಕೂತಿದ್ದು, ಆಮೇಲೆ ಹಿಟ್ಟು ತೆಳ್ಳಗಾಗಿದೆಯೋ ಏನೋ ಎಂದು ಒಳಗೆ ಹೋದರು.

ಅದಾದ ಮೇಲೆ ಇನ್ನೂ ಒಂದು ವರ್ಷ ಆಡಿ, ಅವರಾಗಿಯೇ ಆಟ ಬಿಟ್ಟರು. ಈಗ ಮಾರಿಸ್‌ವಿಲ್‌ನಲ್ಲಿ ಮಗಳ ಮನೆ ಹತ್ತಿರ ಇದ್ದಾರೆ. ನಮ್ಮಲ್ಲಿಂದ ಐದು ಗಂಟೆಯ ದಾರಿ. ವರ್ಷಕ್ಕೆರಡು ಸಲ ಹೋಗುತ್ತೇನೆ. ನಾನು ಬರುವ ದಿನ ಅವರು ಚಿಲಕ ಹಾಕಿರುವುದಿಲ್ಲ. ನಾನು ಬೆಲ್ ಒತ್ತುವುದಿಲ್ಲ, ಚಪ್ಪಲಿ ಬಿಟ್ಟು ಸೀದಾ ಒಳಗೆ ಹೋಗುತ್ತೇನೆ.