ಓರಗಿತ್ತಿಯ ಈರುಳ್ಳಿ ಶೆಡ್ಡಿಗೆ ಬಿದ್ದ ಕಲ್ಲು

ಸೀರೆ, ಸೈಟು, ಒಡವೆ ವಿಷಯದಲ್ಲಿ ನಾನು ಯಾರನ್ನೂ ನೋಡಿ ಕರುಬಿದವಳಲ್ಲ. ಬೇಕಾದರೆ ನನ್ನ ಗಂಡನನ್ನೇ ಕೇಳಿ. ನಾನು ಕರುಬಿದ್ದು ಒಂದೇ ಒಂದು ಕಲ್ಲಿನ ವಿಷಯಕ್ಕೆ. ಅದೂ ನನ್ನ ಓರಗಿತ್ತಿಯ ಮೇಲೆ, ಮೈದುನನ ಹೆಂಡತಿಯ ಮೇಲೆ. ಆ ಉರಿ ಇನ್ನೂ ಆರಿಲ್ಲ.

ಕಡೂರಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಡಮ್ಮು. ಮಂಗಳ ಮತ್ತು ಗುರು ಗ್ರಹಗಳ ನಡುವೆ, ಗ್ರಹವಾಗಲಾರದೆ ಉಳಿದ ಕಲ್ಲುಬಂಡೆಗಳ ದೊಡ್ಡ ಹಿಂಡೇ ಸೂರ್ಯನನ್ನು ಸುತ್ತುತ್ತಿದೆ. ಅವು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಸಿಡಿದ ಚೂರು ದಾರಿ ತಪ್ಪಿ ನಮ್ಮ ಕಡೆ ಬರುತ್ತದೆ. ಅಂಥ ಚೂರಿಗೆ ನಾನೂರೈವತ್ತು ಕೋಟಿ ವರ್ಷ ವಯಸ್ಸು. ಪ್ರತಿವರ್ಷ ಬೋರ್ಡಿನ ಮುಂದೆ ನಿಂತು ಇದನ್ನು ಹೇಳುತ್ತಾ ಹೇಳುತ್ತಾ, ಅಂಥದ್ದೊಂದನ್ನು ನಾನೇ ಹುಡುಕಿ ಅಂಗೈಯಲ್ಲಿ ಹಿಡಿಯಬೇಕೆಂಬ ಹುಚ್ಚು ಹತ್ತಿಬಿಟ್ಟಿತು. ಭಾನುವಾರ ಬಂತೆಂದರೆ ದೊಣ್ಣೆಯ ತುದಿಗೆ ಹಳೇ ಸ್ಪೀಕರಿನ ಅಯಸ್ಕಾಂತ ಕಟ್ಟಿಕೊಂಡು ಎಮ್ಮೆದೊಡ್ಡಿ ಕಾವಲಿಗೆ ಹೊರಡುತ್ತಿದ್ದೆ. ಉಳುಮೆ ಕಾಣದ ಹುಲ್ಲುಗಾವಲು, ಮೇಲಿಂದ ಬಿದ್ದದ್ದು ಬಿದ್ದಲ್ಲೇ ಇದ್ದೀತು ಎಂಬ ಆಸೆ. ದನ ಕಾಯುವವರು "ಏನ್ ಕಳ್ಕಂಡ್ರಿ ಮೇಡಮ್ಮಾರೇ?" ಎಂದು ಕೇಳೀ ಕೇಳೀ ಸುಸ್ತಾಗಿ, ಕೊನೆಗೆ ಕೇಳುವುದನ್ನೇ ಬಿಟ್ಟರು.

ಕಲ್ಲುಗಳಿಗೇನೂ ಬರವಿರಲಿಲ್ಲ. ಅದೇ ನಮ್ಮ ಸೀಮೆಯ ಗ್ರಹಚಾರ. ಬಾಬಾಬುಡನ್ ಬೆಟ್ಟದ ಕಬ್ಬಿಣ ಎಲ್ಲೆಲ್ಲೂ ಹರಡಿಕೊಂಡಿದೆ; ಅಯಸ್ಕಾಂತ ಹಿಡಿದರೆ ಹಾದಿಬದಿಯ ಕಲ್ಲೂ ಬಂದು ಅಂಟಿಕೊಳ್ಳುತ್ತದೆ. ಎಮ್ಮೆದೊಡ್ಡಿಯದು, ತರೀಕೆರೆ ಕಡೆಯಿಂದ ತಂದದ್ದು, ಹೆಬ್ಬೆಯ ದಾರಿಯಲ್ಲಿ ಹೆಕ್ಕಿದ್ದು, ಎಲ್ಲವನ್ನೂ ಪರಿಚಯದ ಭೂವಿಜ್ಞಾನಿಯೊಬ್ಬರಿಗೆ ತೋರಿಸಿದೆ. ಕೆಲವು ಬರೀ ಅದಿರು. ಉಳಿದವು ಹಿಂದಿನ ಕಾಲದವರು ಕಬ್ಬಿಣ ಕರಗಿಸಿ ಬಿಸಾಡಿದ ಕಿಟ್ಟ. "ಇನ್ನೊಂದಷ್ಟು ತಂದ್ಬಿಡು, ಕಾಂಪೌಂಡು ಕಟ್ಟಿಸ್ಬೋದು ಕಣೇ" ಎಂದು ನನ್ನ ಗಂಡ ಹಲ್ಲು ಕಿರಿದರು.

ಹೀಗಿರುವಾಗ ಒಂದು ಸಂಜೆ ಓರಗಿತ್ತಿಯ ಫೋನು ಬಂತು. ಅವರದು ಅಜ್ಜಂಪುರದಾಚೆ, ಬುಕ್ಕಾಂಬುಧಿ ಕಡೆ ಈರುಳ್ಳಿ ಬೇಸಾಯ.

"ಅಕ್ಕಾ, ಮೇಲೆ ಢಂ ಅಂತು. ಕ್ವಾರೀಲಿ ಮದ್ದು ಸಿಡಿಸಿದ್ರೇನೋ ಅನ್ಕಂಡೆ. ನೋಡಿದ್ರೆ ಈರುಳ್ಳಿ ಶೆಡ್ಡಿನ ಶೀಟು ತೂತಾಗೈತೆ! ಈರುಳ್ಳಿ ಒಳಗೆ ಕರ್ರಗಿರೋ ಕಲ್ಲೊಂದು ಹೂತ್ಕಂಡಿತ್ತು, ಎತ್ತಿಟ್ಟೀನಿ. ನೀವೇ ಬಂದು ನೋಡ್ಬೇಕು."

ಬೆಳಿಗ್ಗೆ ಶಾಲೆಗೆ ರಜೆ ಹಾಕಿ ಹೊರಟೆ. ಬೀರೂರಿನಲ್ಲಿ ಬಸ್ಸು ಬದಲಿಸುವಾಗ ನಾನು ಬೇಡಿಕೊಂಡದ್ದನ್ನು ಇಲ್ಲಿ ಬರೆದೇಬಿಡುತ್ತೇನೆ: ದೇವರೇ, ಅದು ಕ್ವಾರಿಯ ಕಲ್ಲೇ ಆಗಿರಲಪ್ಪಾ.

ಹೋಗಿ ನೋಡಿದರೆ ನಡುಮನೆಯಲ್ಲಿ ಸ್ಟೀಲ್ ತಟ್ಟೆಯ ಮೇಲೆ, ಕುಂಕುಮ ಇಡಿಸಿಕೊಂಡು, ರಾಗಿಮುದ್ದೆ ಗಾತ್ರದ ಕಲ್ಲು ಕೂತಿದೆ. ಒಂದು ಮಗ್ಗುಲು ಕಪ್ಪು. ಇನ್ನೊಂದು ಮಗ್ಗುಲು ಬೂದಿಬಣ್ಣ, ಒದ್ದೆ ಒದ್ದೆ.

"ಇದೇನೇ ಮಾಡಿದೀಯಾ?" ಎಂದೆ.

"ಪಾತ್ರೆ ತಳದಂಗೆ ಮಸಿ ಹಿಡ್ದಿತ್ತು ಅಕ್ಕಾ. ನೀವು ಬತ್ತೀರಲ್ಲಾ, ಚೆನ್ನಾಗಿ ಕಾಣ್ಲಿ ಅಂತ ಹುಣ್ಸೇಹುಳಿ ಹಾಕಿ, ಇಟ್ಟಿಗೆಪುಡೀಲಿ ಉಜ್ಜಿದೆ. ಈ ಕಡೇದು ಜಪ್ಪಯ್ಯ ಅಂದ್ರೂ ಹೋಗ್ಲಿಲ್ಲ."

"ಅಯ್ಯೋ ನಿನ್ನ ಮನೆ ಕಾಯ್ವಾಗ! ಮಸಿ ಅಲ್ಲ ಕಣೇ ಅದು! ಗಾಳಿಯಲ್ಲಿ ಉರಿದು, ಮೈ ಕರಗಿ ಕಟ್ಟಿರೋ ಸಿಪ್ಪೆ. ಅದು ಆಕಾಶದ್ದು ಅನ್ನೋದಕ್ಕೆ ಅದೇ ಗುರುತು!"

ಅವಳು ಸೆರಗು ಬಾಯಿಗೆ ಹಿಡಿದು ನಿಂತಳು. ನಾನು ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಉಜ್ಜಿದ ಕಡೆ ಬೆಳ್ಳಿಯಂಥ ಚುಕ್ಕಿಗಳು ಮಿಣಮಿಣ ಎನ್ನುತ್ತಿದ್ದವು. ಅವುಗಳ ನಡುವೆ ರಾಗಿಕಾಳಿನಂಥ ಪುಟ್ಟ ಪುಟ್ಟ ಗುಂಡುಗಳು. ಭೂಮಿಯ ಕಲ್ಲಿನಲ್ಲಿ ಇವೆರಡೂ ಒಟ್ಟಿಗೆ ಇರುವುದಿಲ್ಲ. ಅನುಮಾನವೇ ಉಳಿಯಲಿಲ್ಲ. ಸಂತೋಷಪಡಬೇಕಿತ್ತು ತಾನೇ? ಆಗಲಿಲ್ಲ. ಕಾವಲಿನ ಮುಳ್ಳೆಲ್ಲ ನನ್ನ ಕಾಲಿಗೆ, ಕಲ್ಲು ಮಾತ್ರ ಇವಳ ಶೆಡ್ಡಿಗೆ! ಗುರುಗ್ರಹ ಯಾವುದು, ಶುಕ್ರಗ್ರಹ ಯಾವುದು ಗೊತ್ತಿಲ್ಲದವಳ ಮನೆ ಹುಡುಕಿಕೊಂಡು ಅಷ್ಟು ದೂರದಿಂದ ಬರಬೇಕಿತ್ತೇ?

ಇಂಥ ಕಲ್ಲು ಸರ್ಕಾರಕ್ಕೆ ಸೇರಬೇಕಾದ್ದು. ಮೈದುನ ತಾಲ್ಲೂಕು ಆಫೀಸಿಗೆ ತಿಳಿಸಿದ. ಬೆಂಗಳೂರಿನಿಂದ ವಿಜ್ಞಾನಿಗಳು ಮಾರನೇ ದಿನ ಬರುತ್ತಾರೆಂದಾಯಿತು. ನಾನು ಅಲ್ಲೇ ಉಳಿದೆ. ಊರವರೆಲ್ಲ ಬಂದು ಕಲ್ಲು ನೋಡಿ, "ಪುಣ್ಯವಂತೆ ಕಣವ್ವಾ ನೀನು" ಎಂದು ಅವಳನ್ನು ಹೊಗಳಿ ಹೋದರು. ಅದು ಎಲ್ಲಿಂದ ಬಂತೆಂದು ನಾನು ವಿವರಿಸಲು ಹೊರಟರೆ, "ಹೌದಾ ಮೇಡಮ್" ಎಂದು ಕಾಫಿ ಲೋಟ ಕೆಳಗಿಟ್ಟು ಎದ್ದರು. ನನ್ನ ಮುಖದ ತುಂಬಾ ಸಿಡುಕು.

ಅವಳಿಗೆ ಅದು ಗೊತ್ತಾಗಿರಬೇಕು. ಅಡಿಗೆಮನೆಯಲ್ಲಿ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು:

"ಅಕ್ಕಾ, ನಾಳೆ ಅವ್ರು ಬಂದ್ರೆ, ಕಲ್ಲು ಸಿಕ್ಕಿದ್ದು ನಮ್ಮಕ್ಕಂಗೆ ಅಂತೀನಿ. ನೀವು ಎಷ್ಟ್ ವರ್ಷದಿಂದ ಹುಡುಕ್ತಾ ಇದ್ದೀರ. ನನಗ್ಯಾಕೆ ಇದೆಲ್ಲಾ?"

ನನಗ್ಯಾಕೆ ಇದೆಲ್ಲಾ ಅಂತೆ! ನಾನು ಹಗಲೂ ರಾತ್ರಿ ಹಂಬಲಿಸಿದ್ದು ಅವಳಿಗೆ ಬೇಡವಂತೆ. ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ. ಆದರೂ ನಾನು ಬೇಡ ಎನ್ನಲಿಲ್ಲ. ಸೊಪ್ಪಿನ ಕಟ್ಟು ಎಳೆದುಕೊಂಡು ಬಿಡಿಸತೊಡಗಿದೆ.

ಮಾರನೇ ದಿನ ಜೀಪು ಬಂತು. ಹಿರಿಯ ವಿಜ್ಞಾನಿ ಲೆನ್ಸಿನಲ್ಲಿ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಉಜ್ಜಿದ್ದಕ್ಕೆ ಒಂದಿಷ್ಟು ಗೊಣಗಿದರು. ಆದರೆ ಉಲ್ಕಾಶಿಲೆಯೇ ಹೌದು ಎಂದರು. "ಮೊದಲು ಎತ್ತಿಕೊಂಡವರು ಯಾರು?" ಎಂದು ಕೇಳಿದರು.

"ನಮ್ಮಕ್ಕ ಸಾರ್. ಸೈನ್ಸ್ ಮೇಡಮ್ಮು" ಎಂದಳು ಅವಳು, ನನ್ನ ಮುಖ ನೋಡದೆ.

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಎದೆ ಉಬ್ಬಿದ್ದೂ ನಿಜ.

"ಕೈಗೆ ಹೇಗನ್ನಿಸಿತು ಮೇಡಮ್? ಬಿಸಿ ಇತ್ತಾ?"

ಉತ್ತರ ನನಗೆ ಗೊತ್ತು. ಗಾಳಿಯಲ್ಲಿ ಉರಿಯುವುದು ಕೆಲವೇ ಕ್ಷಣ, ಬೇಯುವುದು ಹೊರಮೈ ಮಾತ್ರ, ಒಳಗೆ ಆಕಾಶದ ಚಳಿ ಹಾಗೇ ಇರುತ್ತದೆ. ನೆಲಕ್ಕೆ ಬರುವಷ್ಟರಲ್ಲಿ ಬಿಸಿ ಉಳಿದಿರುವುದಿಲ್ಲ. ಬಿಸಿ ಇರಲಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವರು ಕೇಳಿದ್ದು ಪಾಠವನ್ನಲ್ಲ, ನನ್ನ ಕೈಯನ್ನು. ಕಲ್ಲು ಬಿದ್ದ ಹೊತ್ತಿನದು ನನ್ನ ಕೈಗೆ ಏನೂ ಗೊತ್ತಿರಲಿಲ್ಲ.

"ಅವಳನ್ನೇ ಕೇಳಿ" ಎಂದೆ. ದನಿ ಒರಟಾಗಿಯೇ ಬಂತು. "ಎತ್ಕೊಂಡವಳು ಅವಳು, ನಾನಲ್ಲ."

ಅವಳು ಗಾಬರಿಯಿಂದ ನನ್ನನ್ನು ನೋಡಿದಳು. ಆಮೇಲೆ ನಿಧಾನಕ್ಕೆ ಹೇಳಿದಳು: "ಸುಟ್ಟೀತು ಅಂತ ಸೆರಗು ಸುತ್ಕಂಡು ಮುಟ್ಟಿದೆ ಸಾರ್. ಸೆರಗಿನೊಳಗಿಂದಾನೂ ತಣ್ಣಗೆ ಅನ್ಸ್ತು. ಆಮೇಲೆ ಬರಿಗೈಲಿ ಎತ್ಕಂಡೆ. ಕೈ ಜುಂ ಅಂತು. ಹಂಗೇ ಇಟ್ಕಂಡೇ ಇರೋಣ ಅನ್ನಿಸ್ತು."

ಕಲ್ಲು ಡಬ್ಬಿ ಸೇರಿ ಜೀಪು ಹತ್ತಿತು. ಹೋಗುವ ಮುಂಚೆ ನನಗೆ ಇನ್ನೊಂದು ಸಲ ಹಿಡಿಯಲು ಕೊಟ್ಟರು. ಅಷ್ಟರಲ್ಲಿ ಅದಕ್ಕೆ ಅಂಗಳದ ಬಿಸಿಲಿನ ಕಾವು ಹತ್ತಿತ್ತು.

ಸಂಜೆ ನನ್ನನ್ನು ಬಸ್ಸು ಹತ್ತಿಸಲು ಅವಳು ರಸ್ತೆಯವರೆಗೂ ಬಂದಳು.

"ಯಾಕಕ್ಕಾ ಹಂಗಂದ್ಬಿಟ್ರಿ? ನಾನು ನಿಮ್ದೇ ಅಂದಿದ್ನಲ್ಲ."

"ಸಾಕು ಸುಮ್ನಿರೇ. ಕೈ ಕೊಡು ಇಲ್ಲಿ."

"ಯಾವ ಕೈ?"

"ಎತ್ಕೊಂಡ ಕೈ."

ಅವಳು ನಗುತ್ತಾ ಬಲಗೈ ಚಾಚಿದಳು. ಬಸ್ಸು ಬರುವವರೆಗೂ ನಾನು ಆ ಕೈ ಬಿಡಲಿಲ್ಲ.