ಮಾವ ಓದುತ್ತಿದ್ದ ಪತ್ರಿಕೆ

ನಿಜಾಮರ ರಾಜ್ಯದ ಕೊನೆಯ ಬೇಸಿಗೆ ಅದು. ಕೊನೆಯದೆಂದು ನಮಗಾಗ ಗೊತ್ತಿರಲಿಲ್ಲ. ಮಸ್ಕಿಯಲ್ಲಿ ಉಪ್ಪಿಗೆ ಬರ, ಸೀಮೆಎಣ್ಣೆಗೆ ಬರ. ಉರ್ದು ಪತ್ರಿಕೆಯೊಂದು ಮಾತ್ರ ತಪ್ಪದೆ ಬರುತ್ತಿತ್ತು, ಅದರಲ್ಲಿ ಉಪ್ಪು ಬೇಕಾದಷ್ಟಿತ್ತು. ಆಳುವವರ ಹೊಟ್ಟೆ ತುಂಬಿದರೆ ಊರೆಲ್ಲ ಉಂಡಿತು ಅನ್ನುವ ಲೆಕ್ಕ.

ನಾನು ಆ ಮನೆಗೆ ಸೊಸೆಯಾಗಿ ಬಂದು ವರ್ಷವೂ ಆಗಿರಲಿಲ್ಲ. ಮಾವ ಉರ್ದು ಶಾಲೆಯಲ್ಲಿ ಮಾಸ್ತರರಾಗಿದ್ದವರು. ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಆ ಪತ್ರಿಕೆಯನ್ನು ಓಣಿಯವರಿಗೆ ಕನ್ನಡದಲ್ಲಿ ಓದಿ ಹೇಳುವುದು ಅವರ ರೂಢಿ. ಕೇಳಲು ಬರುವವರಲ್ಲಿ ಒಬ್ಬರಿಗೂ ಉರ್ದು ಓದಲು ಬರುತ್ತಿರಲಿಲ್ಲ. ಒಳಗುಟ್ಟು ಮನೆಯವರಿಗೆ ಮಾತ್ರ ಗೊತ್ತು: ಮಾವ ಹೇಳುತ್ತಿದ್ದುದು ಅಲ್ಲಿ ಅಚ್ಚಾದದ್ದನ್ನಲ್ಲ. ನಿಜಾಮರ ನಾಣ್ಯವಾದ ನಮ್ಮ ಹಾಲಿ ಸಿಕ್ಕಾ ಬಂಗಾರದಷ್ಟು ಗಟ್ಟಿ ಎಂದು ಅಚ್ಚಾಗಿದ್ದರೆ, ಇವರು ಕನ್ನಡಕ ಸರಿಮಾಡಿಕೊಂಡು, "ಹೊಳೀ ಆಚೆ, ನಿಜಾಮರ ಗಡಿ ದಾಟಿದ್ರ, ನಮ್ಮ ಹಾಲಿ ರೂಪಾಯಿ ಯಾರೂ ಮುಟ್ಟವಲ್ರು. ಇದ್ದವರು ಇಂಗ್ಲಿಷರ ಕಲ್ದಾರ ರೂಪಾಯಿ ಮಾಡಿಕೊಳ್ರಿ" ಎನ್ನುತ್ತಿದ್ದರು. ಆ ಸುದ್ದಿ ಹತ್ತಿಯ ಗಾಡಿಯವರಿಂದ ಬಂದದ್ದು. ಜನ ಅದರಂತೆ ನಡೆದು ಬಚಾವಾಗುತ್ತಿದ್ದರು, ಬಾಯ್ತುಂಬ ಪತ್ರಿಕೆಯನ್ನು ಹೊಗಳುತ್ತಿದ್ದರು. ಸರ್ಕಾರದ ಸುಳ್ಳಿಗೆ ಮಾನ ತಂದುಕೊಟ್ಟವರು ನಮ್ಮ ಮಾವ. ನೆನೆದರೆ ಇವತ್ತಿಗೂ ನಗು ಬರುತ್ತದೆ, ಅದರ ಬೆನ್ನಿಗೇ ಸಿಟ್ಟು.

ಒಂದು ಸಂಜೆ ಪೊಲೀಸ್ ಠಾಣೆಯ ಅಮೀನ ಬಂದು ಮಾವನ ಮಗ್ಗುಲಲ್ಲೇ ಕೂತ. ಯಾರೋ ಹಚ್ಚಿಕೊಟ್ಟಿರಬೇಕು. "ಓದ್ರಿ ಮಾಸ್ಟರ್ ಸಾಬ್, ನಾವೂ ಕೇಳ್ತೀವಿ" ಎಂದು ಪತ್ರಿಕೆಯ ಮೇಲೆ ಬೆರಳಿಟ್ಟ. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಬೆರಳು ಸರಿದಂತೆ ಮಾವ ಅಚ್ಚಾದದ್ದನ್ನೇ ಓದಿದರು. ರಾಜ್ಯದಲ್ಲಿ ಶಾಂತಿ ನೆಲೆಸಿದೆ. ಸಿಂಧನೂರಿನ ದಾರಿಯಲ್ಲಿ ಯಾವ ಗದ್ದಲವೂ ಇಲ್ಲ. ಹೊಳೆಯವರೆಗೆ ಯಾರು ಬೇಕಾದರೂ ನಿರ್ಭಯವಾಗಿ ಹೋಗಬಹುದು. ಹಿಂದಿನ ದಿನವಷ್ಟೇ ಗಾಡಿಯವನೊಬ್ಬ ನಮ್ಮ ಪಡಸಾಲೆಯಲ್ಲಿ ಕೂತು, ಬಂದೂಕಿನವರು ಆ ದಾರಿಯಲ್ಲಿ ಗಾಡಿ ನಿಲ್ಲಿಸಿ ಸುಲಿಯುತ್ತಿದ್ದಾರೆ, ಎದುರಾಡಿದವರನ್ನು ಕಡಿದಿದ್ದಾರೆ ಎಂದು ಹೇಳಿ ಹೋಗಿದ್ದ.

ಎದುರು ಮನೆಯ ಎಣ್ಣೆ ವ್ಯಾಪಾರಿ ಶೆಟ್ಟರು ಮುಂದೆಯೇ ಕೂತಿದ್ದರು, ಅವರ ಹಿಂದೆ ಕುಂಬಾರರ ಮನೆಯವರು. ಶೆಟ್ಟರ ಮಗಳು ಬಾಣಂತನ ಮುಗಿಸಿಕೊಂಡು, ಹೊಳೆಯಾಚೆಯ ಗಂಡನ ಮನೆಗೆ ಹೋಗಲು ದಾರಿ ನೆಟ್ಟಗಾಗಲೆಂದು ಕಾಯುತ್ತಿದ್ದಳು. ಶೆಟ್ಟರ ಮುಖ ಅರಳಿತು. "ಹಂಗಾರ ನಾಳಿ ಮುಂಜಾನೇನ ಮಗಳನ್ನ ಕಳಸ್ತೀನ್ರಿ ಮಾಸ್ತರ" ಎಂದರು. ಮಾವ ಅಮೀನನ ಕಡೆ ನೋಡಿ ಪತ್ರಿಕೆ ಮಡಚಿದರು.

ಅಮೀನ ಹೋಗುವಾಗ ತನ್ನ ಜವಾನನನ್ನು ನಮ್ಮ ಕಟ್ಟೆಯ ಮೇಲೆಯೇ ಬಿಟ್ಟು ಹೋದ. ಬೆಳಕು ಹರಿದು ಅವನು ಎದ್ದು ಹೋಗುವವರೆಗೆ ನಾವು ಬಾಗಿಲು ತೆಗೆಯಲಿಲ್ಲ. ಅಷ್ಟರಲ್ಲಿ ಎದುರಿಗೆ ಗಾಡಿ ಹೂಡುವ ಸಪ್ಪಳ ಕೇಳಿತು. ಮಾವನ ಎದುರು ನಿಂತು ನಾನು ಎಂದೂ ಮಾತಾಡಿದವಳಲ್ಲ. ಅವತ್ತು ತಡೆಯಲಾಗಲಿಲ್ಲ.

"ಮಾವಾರ, ಆಕಿ ಉಡ್ಯಾಗ ಕೂಸೈತ್ರಿ. ನೀವು ಹೋಗಿ ಹೇಳ್ತೀರೋ, ನಾ ಹೋಗ್ಲೋ?"

ಮಾವ ಬರಿಗಾಲಲ್ಲೇ ಹೋಗಿ ನೊಗ ಹಿಡಿದರು. "ಶೆಟ್ರ, ಗಾಡಿ ಬಿಚ್ರಿ. ನಿನ್ನಿ ಓದಿದ್ದು ಸುಳ್ಳೈತಿ."

ಶೆಟ್ಟರು ನಕ್ಕುಬಿಟ್ಟರು. "ಪೇಪರ್ ಎಂದಾರ ಸುಳ್ಳು ಹೇಳೈತೇನ್ರಿ? ಇಷ್ಟು ದಿನ ಅದನ್ನ ನಂಬೇ ಅಲ್ಲೇನು ನಾವು ಉಳದದ್ದು?"

"ಅದರಾಗ ಏನೂ ಖರೇ ಇರತಿರಲಿಲ್ರಿ. ಖರೇ ಇದ್ದದ್ದನ್ನ ನಾನೇ ಸೇರಿಸಿ ಹೇಳ್ತಿದ್ದೆ."

ಶೆಟ್ಟರ ನಗು ನಿಂತಿತು. "ಅಂದ್ರ ಪೇಪರ್ ಸುಳ್ಳಾ, ನೀವು ಸುಳ್ಳಾ? ಈಗ ನಾ ಯಾರನ್ನ ನಂಬ್ಲಿ?" ಎಂದು ರೇಗಿದರು. ಮಾವ ನೊಗ ಬಿಡದೆ, ಸಣ್ಣ ಮಕ್ಕಳ ಹಾಗೆ ಅಳುತ್ತಾ ನಿಂತರು.

ಗಾಡಿಯಿಂದ ಮಗಳು ಕೂಸನ್ನು ಎತ್ತಿಕೊಂಡು ಇಳಿದಳು. "ಅಪ್ಪಾ, ನಾ ಹೋಗಂಗಿಲ್ಲ. ಸುಳ್ಳು ಹೇಳಾವ್ರು ಹಿಂಗ ಅಳಂಗಿಲ್ಲ" ಎಂದು ನೆಟ್ಟಗೆ ಒಳಗೆ ನಡೆದಳು. ನನಗೆ ಹೋದ ಜೀವ ಬಂದಂತಾಯಿತು.

ಆಗ ಶೆಟ್ಟರು ಸಣ್ಣ ದನಿಯಲ್ಲಿ ಹೇಳಿದರು, "ಕುಂಬಾರರ ಗಾಡಿ ಕೋಳಿ ಕೂಗೂದರಾಗ ಹೋತಲ್ರಿ ಮಾಸ್ತರ. ಅವ್ರೂ ನಿನ್ನಿ ಇಲ್ಲೇ ಕೂತು ಕೇಳಿದ್ರು."

ಮಾವ ನೊಗ ಬಿಟ್ಟು ಸಿಂಧನೂರಿನ ದಾರಿ ಹಿಡಿದು ಓಡಿದರು. ಮಧ್ಯಾಹ್ನದ ಬಿಸಿಲಲ್ಲಿ ಒಬ್ಬರೇ ತಿರುಗಿ ಬಂದರು. ಗಾಡಿ ಸಿಕ್ಕಿತಂತೆ, ಅದರಲ್ಲಿ ಜನ ಇರಲಿಲ್ಲವಂತೆ. ಸಂಜೆ ಬಂದ ಪತ್ರಿಕೆಯಲ್ಲಿ ಆ ದಾರಿ ಶಾಂತವಾಗಿಯೇ ಇತ್ತು.