ಬಸವಂತಪ್ಪನ ಒಂದು ದಿನದ ಈಜಿಪ್ಟ್

ಲಂಡನ್ನಿನ ಹ್ಯಾರೋದ ಕನ್ನಡಿಗರ ನಡುವೆ ಬಸವಂತಪ್ಪನಿಗೆ ಎರಡು ಬಗೆಯ ಹೆಸರಿತ್ತು. ಕತೆ ಹೇಳಿದರೆ ಅವನೇ ಹೇಳಬೇಕು ಎಂಬುದು ಒಂದು. ಅವನ ಕೈಗೆ ಸಿಗಬಾರದು ಎಂಬುದು ಇನ್ನೊಂದು. ಎರಡೂ ನಿಜವೇ ಆಗಿದ್ದವು. ಬೆಳಗಾವಿಯ ಗರಡಿಯಲ್ಲಿ ಕೆಮ್ಮಣ್ಣು ಮೆತ್ತಿಕೊಂಡು ಬೆಳೆದ ಮೈ, ಅದೇ ಊರಿನ ಕಾಲೇಜಿನಲ್ಲಿ ಓದಿದ ಇತಿಹಾಸ, ಈ ಎರಡನ್ನೂ ಅವನು ಲಂಡನ್ನಿಗೆ ತಂದಿದ್ದ. ವಾರವೆಲ್ಲ ಗ್ರೀನ್‌ಫರ್ಡ್‌ನ ಗೋದಾಮಿನಲ್ಲಿ ಮೇಲ್ವಿಚಾರಕ. ತಿಂಗಳಿಗೊಂದು ಶನಿವಾರ ಕನ್ನಡದ ಕುಟುಂಬಗಳನ್ನು ಕೋಚ್ ಬಸ್ಸಿನಲ್ಲಿ ಕೂರಿಸಿಕೊಂಡು ‘ಒಂದು ದಿನದ ಈಜಿಪ್ಟ್’ ತೋರಿಸುವ ಗೈಡ್. ಬೆಳಿಗ್ಗೆ ಮ್ಯೂಸಿಯಮ್ಮಿನಲ್ಲಿ ದೇವಾಲಯಗಳ ಶಿಲೆಗಳು ಮತ್ತು ಶವಗಳು, ಮಧ್ಯಾಹ್ನ ಈಜಿಪ್ಟಿನಿಂದ ತಂದು ಥೇಮ್ಸ್ ದಂಡೆಯಲ್ಲಿ ನಿಲ್ಲಿಸಿದ ಕಲ್ಲುಕಂಬ, ಕೊನೆಗೆ ಹೈಗೇಟ್ ಸ್ಮಶಾನದಲ್ಲಿ ಈಜಿಪ್ಟಿನ ಮಾದರಿಯಲ್ಲಿ ಕಟ್ಟಿದ ಗೋರಿಗಳ ಓಣಿ.

ಕೈಯ ವಿಚಾರ ಕೋರ್ಟಿನವರೆಗೂ ಹೋಗಿತ್ತು. ಟೂಟಿಂಗ್‌ನ ಹೋಟೆಲೊಂದರ ಮುಂದೆ, ಕಾರು ನಿಲ್ಲಿಸುವ ಜಾಗಕ್ಕಾಗಿ ನಡೆದ ಜಗಳದಲ್ಲಿ ಅವನು ಒಬ್ಬನ ದವಡೆ ಮುರಿದಿದ್ದ. ನ್ಯಾಯಾಧೀಶರು ಜೈಲುಶಿಕ್ಷೆ ಕೊಟ್ಟು, ಅದನ್ನು ಅಮಾನತಿನಲ್ಲಿಟ್ಟಿದ್ದರು. ಅವಧಿಯೊಳಗೆ ಮತ್ತೆ ಯಾರ ಮೇಲಾದರೂ ಕೈ ಮಾಡಿದರೆ ಒಳಗೆ ಹೋಗಬೇಕು. ಆ ಅವಧಿ ದೀಪಾವಳಿಯ ಹೊತ್ತಿಗೆ ಮುಗಿಯುವುದಿತ್ತು. ಈ ಪ್ರವಾಸ ಹೊರಟದ್ದು ಗಣೇಶನ ಹಬ್ಬ ಕಳೆದ ಮೊದಲ ಶನಿವಾರ.

ಬಸವಂತಪ್ಪನ ಈಜಿಪ್ಟಿನಲ್ಲಿ ಹೂವು, ಹಕ್ಕಿ, ನೈಲ್ ನದಿ ಕಡಿಮೆ, ಕೊಲೆ ಹೆಚ್ಚು. ಗಾಜಿನ ಪೆಟ್ಟಿಗೆಯಲ್ಲಿ ಮೊಣಕಾಲು ಮಡಚಿಕೊಂಡು ಮಲಗಿದ್ದ ಒಣಗಿದ ಶವದ ಮುಂದೆ ಗುಂಪನ್ನು ನಿಲ್ಲಿಸಿದ.

“ನೋಡ್ರೀ, ಐದು ಸಾವಿರ ವರ್ಷಕ್ಕಿಂತ ಹಳೇ ಮನಷ್ಯಾ. ನಿದ್ದಿ ಹತ್ತೇತಿ ಅನಸ್ತದ, ಹೌದಿಲ್ಲೋ? ಸ್ಕ್ಯಾನ್ ಮಾಡಿ ನೋಡಿದ್ರ ಬೆನ್ನಾಗ ಚೂರಿ ಹೊಕ್ಕೇತಿ. ಎಲುಬು ಒಡದೇತಿ. ಹೊಡದಾವ ಗುರ್ತಿನಾವನ ಇರಬೇಕು ಅಂತೀನಿ ನಾ.”

“ಗುರುತಿನವನು ಅಂತ ನಿಮಗೆ ಯಾರಪ್ಪಾ ಹೇಳಿದ್ದು?” ಎಂದರು ಅಂಬುಜಾ. ಮೈಸೂರಿನವರು, ಪ್ರವಾಸವನ್ನು ಏರ್ಪಡಿಸಿದ ಕನ್ನಡ ಬಳಗದ ಹಿರಿಯರು.

“ಬೆನ್ನು ಯಾರಿಗೆ ತೋರಸ್ತೀವ್ರೀ ಅಮ್ಮಾರ? ನಂಬಿದವ್ರಿಗೇ ಅಲ್ಲೇನ್ರೀ?”

ಮುಂದೆ ಅಂಗೈಯಗಲದ ದಂತದ ಫಲಕ. ಅದರಲ್ಲಿ ಮಂಡಿಯೂರಿದ ವೈರಿಯ ಜುಟ್ಟು ಹಿಡಿದು ಗದೆ ಎತ್ತಿದ ರಾಜ. ಅಲ್ಲಿಯ ದೇವಾಲಯಗಳ ಹೆಬ್ಬಾಗಿಲ ಗೋಡೆಗಳ ಮೇಲೂ ಸಾವಿರಾರು ವರ್ಷ ಇದೇ ಚಿತ್ರವನ್ನು ಕೆತ್ತಿದರು ಎಂದು ಅವನು ವಿವರಿಸಿದ. ಗೋರಿಗಳ್ಳರು ಹೆಣದ ಬಟ್ಟೆ ಹರಿದು ಚಿನ್ನ ಕೀಳುತ್ತಿದ್ದುದನ್ನೂ, ಸಿಕ್ಕಿಬಿದ್ದವರ ಅಂಗಾಲಿಗೆ ಕೋಲಿನಿಂದ ಬಡಿದು ಬಾಯಿ ಬಿಡಿಸಿ ಶೂಲಕ್ಕೇರಿಸುತ್ತಿದ್ದುದನ್ನೂ ತನ್ನ ದಪ್ಪ ಕೈಗಳಿಂದಲೇ ಅಭಿನಯಿಸಿದ.

ಬಳಗದ ಉಪಾಧ್ಯಕ್ಷ ರಾಮಪ್ರಸಾದ್ ಮಮ್ಮಿಯೊಂದನ್ನು ತೋರಿಸಿ, “ನಮ್ಮ ಸ್ಮೃತೀನೂ ಹೀಗೆ ಸುತ್ತಿ ಇಲ್ಲೇ ಇಟ್ಬಿಡಿ ಸರ್. ಮನೇಲಿ ಸ್ವಲ್ಪ ಸೈಲೆಂಟ್ ಆಗಿರುತ್ತೆ” ಎಂದ. ಎಲ್ಲರೂ ನಕ್ಕರು.

“ಇಡಿ ಸರ್. ಆಮೇಲೆ ಇವರು ತಮ್ಮ ಸಾಕ್ಸ್ ಎಲ್ಲಿದೆ ಅಂತ ಕೇಳೋಕೆ ದಿನಾ ಇಲ್ಲಿಗೇ ಬರ್ತಾರೆ” ಎಂದಳು ಅವನ ಹೆಂಡತಿ ಸ್ಮೃತಿ. ಈ ಸಲದ ನಗು ಇನ್ನೂ ಜೋರಾಗಿತ್ತು. ರಾಮಪ್ರಸಾದ್ ನಗಲಿಲ್ಲ.

ಮೆಟ್ಟಿಲು ಇಳಿಯುವಾಗ ಹಿಂದೆ ಏಟಿನ ಸದ್ದು ಕೇಳಿತು. ಬಸವಂತಪ್ಪ ತಿರುಗಿದ. ಸ್ಮೃತಿ ಗಂಡನ ಪಕ್ಕದಲ್ಲಿ ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದಳು. ತುಟಿ ಒಡೆದು ರಕ್ತ ಗದ್ದದವರೆಗೆ ಇಳಿದಿತ್ತು. ಬಸವಂತಪ್ಪನ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಅವನು ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿದ.

ಆಮೇಲೆ ಆದದ್ದು ನಮ್ಮವರಿಂದ ಮಾತ್ರ ಆಗುವಂಥದ್ದು. ಕೋಚಿನ ಹಿಂದಿನ ಸೀಟುಗಳಲ್ಲಿ ಪಂಚಾಯ್ತಿ ಸೇರಿತು. ಪೊಲೀಸರು ಬೇಡ ಎನ್ನುವುದರಲ್ಲಿ ಎಲ್ಲರದೂ ಒಂದೇ ಮಾತು. “ಅಲ್ಲ ಕಣಮ್ಮ, ನಾಲ್ಕು ಜನರ ಮುಂದೆ ಗಂಡಸಿಗೆ ಹಾಗಂದರೆ ಆಗುತ್ತಾ?” ಎಂದು ಅಂಬುಜಾ ಅವಳಿಗೆ ಹೇಳಿದರು. “ನೀನೂ ಅಷ್ಟೇ ಕಣೋ, ಕೈ ಮಾಡಬಾರದು” ಎಂದು ರಾಮಪ್ರಸಾದನಿಗೆ. ನಂತರ ಗೈಡಿನತ್ತ ನೋಡಿದರು. “ನೀವೊಂದು ಮಾತು ಹೇಳಿ ಬಸವಂತಪ್ಪನವರೇ.”

ಅವನ ತಲೆಯಲ್ಲಿ ಇದ್ದದ್ದು ದೀಪಾವಳಿ. ಪೊಲೀಸರು ಬಂದರೆ ತನ್ನ ಹೆಸರನ್ನೂ ಕೇಳುತ್ತಾರೆ. ಈ ದಿನ ಹೇಗಾದರೂ ಕಳೆಯಬೇಕು. ತಮ್ಮ ಮನೆಯಲ್ಲಿ ಹಿರಿಯರು ರಾಜಿ ಮಾಡಿಸುತ್ತಿದ್ದ ರೀತಿಯನ್ನು ಅವನೇ ಎತ್ತಿ ಹೇಳಿದ. “ಬುತ್ತ್ಯಾಗ ಶೇಂಗಾ ಹೋಳಿಗಿ ಐತಿ. ಒಬ್ಬರಿಗೊಬ್ಬರು ತಿನಿಸ್ರಿ. ಮುಗೀತು, ಬಿಟ್ಟಬಿಡ್ರಿ.”

ಸ್ಮೃತಿ ಹೋಳಿಗೆ ಮುರಿದು ಗಂಡನ ಬಾಯಿಗಿಟ್ಟಳು. ಅವನು ತುಂಡಿನೊಂದಿಗೆ ಅವಳ ಬೆರಳನ್ನೂ ಕಚ್ಚಿ ಹಿಡಿದ, ಕಣ್ಣಲ್ಲಿ ನಗುತ್ತಲೇ. ಚೇಷ್ಟೆಯೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು. ಅವಳು ಕೂಗಲಿಲ್ಲ. ಎದುರಿಗಿದ್ದ ಬಸವಂತಪ್ಪನಿಗೆ ಮಾತ್ರ ಹಲ್ಲು ಚರ್ಮ ದಾಟಿ ಹೋದದ್ದು ಕಂಡಿತು. ಅವಳು ಅವನ ಮುಖವನ್ನೇ ನೋಡಿದಳು. ಅವನು ಮೈಕ್ ತೆಗೆದುಕೊಂಡು ಚಾಲಕನಿಗೆ ಹೊರಡಲು ಹೇಳಿದ.

ಥೇಮ್ಸ್ ದಂಡೆಯಲ್ಲಿ ಕಂಬದ ಪೀಠದ ಮೇಲೆ ಮೊದಲ ಮಹಾಯುದ್ಧದ ಬಾಂಬು ಕೊರೆದ ಕುಳಿಗಳಿವೆ. ಪ್ರತಿ ಸಲವೂ ಅವನು ಅವುಗಳೊಳಗೆ ಬೆರಳಿಟ್ಟು, ಸದ್ದು ಮಾಡಿ ಮಕ್ಕಳನ್ನು ಬೆಚ್ಚಿಬೀಳಿಸುತ್ತಿದ್ದ. ಅಂದು ಇಟ್ಟ ಬೆರಳನ್ನು ತಕ್ಷಣ ಹಿಂದಕ್ಕೆಳೆದುಕೊಂಡ. ಗುಂಪನ್ನು ಬೇಗನೆ ಹೈಗೇಟಿಗೆ ಹೊರಡಿಸಿದ.

ಗೋರಿಗಳ ಓಣಿಯ ಬಾಯಲ್ಲಿ ತಾವರೆಯ ತಲೆಯ ದಪ್ಪ ಕಂಬಗಳು. ಒಳಗೆ ಎರಡೂ ಬದಿಗೆ ಸಾಲಾಗಿ ಕಬ್ಬಿಣದ ಬಾಗಿಲುಗಳು. ಗುಂಪು ಓಣಿ ದಾಟಿ ಮೇಲಿನ ಬಯಲಿಗೆ ಹೋಗಿತ್ತು. ಬಸವಂತಪ್ಪ ತಲೆ ಎಣಿಸಿದ. ಇಬ್ಬರು ಕಡಿಮೆ. ಅಷ್ಟರಲ್ಲಿ ಕಬ್ಬಿಣಕ್ಕೆ ಏನೋ ಬಡಿದ ಸದ್ದು ಬಂತು, ಮತ್ತೊಮ್ಮೆ ಬಂತು.

ಅವನು ಓಡಿದ. ರಾಮಪ್ರಸಾದ್ ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು, ಗೋರಿಯೊಂದರ ಬಾಗಿಲಿಗೆ ಅವಳ ಹಣೆ ಬಡಿಯುತ್ತಿದ್ದ. ಬಾಗಿಲ ಮೇಲೆ ರಕ್ತ ಗೆರೆಯಾಗಿ ಇಳಿದಿತ್ತು.

“ಏ, ಬಿಡೋ!”

“ನಮ್ಮ ಮನೆ ವಿಷ್ಯ. ನೀನು ಹೋಗಿ ನಿನ್ನ ಹೆಣ ತೋರ್ಸು” ಎಂದ ರಾಮಪ್ರಸಾದ್, ಇನ್ನೊಂದು ಕೈಯಲ್ಲಿದ್ದ ಸ್ಟೀಲಿನ ಫ್ಲಾಸ್ಕನ್ನು ಅವನ ಕಿವಿಗೆ ಬೀಸಿದ.

ಏಟು ಬಿದ್ದಾಗ ಬಸವಂತಪ್ಪನಿಗೆ ನೋವಿಗಿಂತ ಹೆಚ್ಚಾಗಿ ಒಂದು ಬಗೆಯ ಬಿಡುಗಡೆ ಅನಿಸಿತು. ಮಣಿಕಟ್ಟು ಹಿಡಿದ, ಕಾಲಿಗೆ ಕಾಲು ಕೊಟ್ಟ, ಎತ್ತಿ ಕಲ್ಲುಹಾಸಿಗೆ ಕೆಡವಿದ. ಬೆನ್ನ ಮೇಲೆ ಮಂಡಿಯೂರಿ ತೋಳನ್ನು ಹಿಂದಕ್ಕೆ ಎಳೆದ. ಅಲ್ಲಿಗೆ ಕುಸ್ತಿ ಮುಗಿದಿತ್ತು. ಗರಡಿಯಲ್ಲಾದರೆ ಉಸ್ತಾದ ಹೆಗಲು ತಟ್ಟಿ ಎಬ್ಬಿಸುವ ಹೊತ್ತು. ಕೆಳಗಿದ್ದವನು “ಬಿಡೀ ಸರ್” ಎಂದ. ಮತ್ತೆ, ಅಳುತ್ತ, “ಬಿಡೀ” ಎಂದ. ಬಸವಂತಪ್ಪ ತೋಳನ್ನು ಇನ್ನಷ್ಟು ತಿರುಚಿದ. ಹಸಿ ಕೊಂಬೆ ಮುರಿದಂತೆ ಸದ್ದಾಗಿ ಭುಜದ ಕೀಲು ಕಳಚಿತು. ಕಿರುಚಾಟಕ್ಕೆ ಮೇಲಿನಿಂದ ಜನ ಇಳಿದು ಬಂದರು.

ಪೊಲೀಸರಿಗೆ ಫೋನು ಮಾಡಿದವಳು ಸ್ಮೃತಿಯೇ. ಅವರು ಬರುವ ಮುನ್ನ ಅಂಬುಜಾ ಎಲ್ಲರನ್ನೂ ಹತ್ತಿರ ಕರೆದರು. “ನೋಡಿ, ಪಾಚಿ ಕಟ್ಟಿದ ಕಲ್ಲು. ಅವಳು ಜಾರಿದಳು, ಹಿಡಿಯೋಕೆ ಹೋಗಿ ಅವನೂ ಬಿದ್ದ. ಬಸವಂತಪ್ಪನವರು ಉಳಿತಾರೆ, ಸಂಸಾರವೂ ಉಳಿಯುತ್ತೆ. ಎಲ್ಲರೂ ಇದನ್ನೇ ಹೇಳಿ.”

ಯಾರೂ ಬೇಡವೆನ್ನಲಿಲ್ಲ. ಒಂದು ಮಾತಿನಲ್ಲಿ ತನ್ನ ದೀಪಾವಳಿ ತನಗೆ ಸಿಗುತ್ತದೆ ಎಂಬುದು ಬಸವಂತಪ್ಪನಿಗೆ ಹೊಳೆಯಿತು. ಅವನು ಸ್ಮೃತಿಯತ್ತ ನೋಡಿದ. ಯಾರದೋ ಶಾಲನ್ನು ಹಣೆಗೊತ್ತಿಕೊಂಡು ಅವಳು ಮೆಟ್ಟಿಲ ಮೇಲೆ ಕುಳಿತಿದ್ದಳು.

“ಮಧ್ಯಾಹ್ನ ನೀವು ಹೇಳಿದ ಹಾಗೆ ಕೇಳಿದೆ ಆಂಟಿ,” ಎಂದಳು. “ಈಗ ಆಗಿದ್ದನ್ನೇ ಹೇಳ್ತೀನಿ.”

“ಇವರು ಜೈಲಿಗೆ ಹೋಗ್ತಾರೆ ಕಣೇ!”

“ಖರೇನ ಹೇಳ್ವಾ ತಂಗಿ,” ಎಂದ ಬಸವಂತಪ್ಪ. “ನನ್ನ ಸಲುವಾಗಿ ಒಂದು ಮಾತು ಮುಚ್ಚಿದರೂ ಅವಾ ಉಳಕೋತಾನ.”

ಅವಳು ಹೇಳಿದಳು. ಮೆಟ್ಟಿಲ ಮೇಲಿನ ಏಟು, ಬೆರಳು, ಬಾಗಿಲು. ಗಂಡ ನೆಲಕ್ಕೆ ಬಿದ್ದ ಮೇಲೆ ಆದದ್ದನ್ನೂ ಹೇಳಿದಳು. ಆಂಬುಲೆನ್ಸ್‌ನಲ್ಲಿ ಮಲಗಿಸಿದ್ದ ರಾಮಪ್ರಸಾದನನ್ನು ಅಲ್ಲಿಯೇ ಬಂಧಿಸಿದರು. ಆಮೇಲೆ ಪೊಲೀಸ್ ಅಧಿಕಾರಿಣಿಯೊಬ್ಬಳು ಬಸವಂತಪ್ಪನ ಬಳಿ ಬಂದು, ಹೇಳಿದ್ದೆಲ್ಲ ಸಾಕ್ಷ್ಯವಾಗಬಹುದು ಎಂಬ ಎಚ್ಚರಿಕೆಯ ಮಾತುಗಳನ್ನು ಓದಿ ಹೇಳಿದಳು. ಕೆಳಗೆ ಬಿದ್ದವನು ಬಿಡುವಂತೆ ಕೇಳಿಕೊಂಡನೇ ಎಂದು ವಿಚಾರಿಸಿದಳು.

“ಕೇಳಿದ,” ಎಂದು ಇಂಗ್ಲಿಷಿನಲ್ಲಿಯೇ ಉತ್ತರಿಸಿದ. “ಎರಡು ಸಲ.”

“ನಿಮಗೆ ಅದು ಕೇಳಿಸಿತ್ತೇ?”

ಕಿವಿಯಿಂದ ರಕ್ತ ಕಾಲರಿಗೆ ಇಳಿಯುತ್ತಿತ್ತು. ಆ ಗದ್ದಲದಲ್ಲಿ ಕೇಳಿಸಲಿಲ್ಲ ಎಂದಿದ್ದರೆ ಯಾರಾದರೂ ನಂಬುತ್ತಿದ್ದರು.

“ಸ್ಪಷ್ಟವಾಗಿ ಕೇಳಿಸಿತು,” ಎಂದು ಅವನು ಮುಂಗೈಗಳನ್ನು ಮುಂದೆ ಚಾಚಿದ.